ಸೆಸ್ನಾ 152ರಲ್ಲಿ ಇಳಿಯುವಾಗ ಆರ್‌ಪಿಎಂ ಬಿದ್ದ ಬಗ್ಗೆ

ಸೆಸ್ನಾ 152 ಅನ್ನೋ ಪುಟ್ಟ ತರಬೇತಿ ವಿಮಾನದಲ್ಲಿ ಪವರ್ ಕಡಿಮೆ ಮಾಡಿ ಇಳಿಯುವಾಗ ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ತಾನಾಗೇ ಬಿತ್ತು, ಇನ್‌ಸ್ಟ್ರಕ್ಟರ್ ಕಾರ್ಬ್ ಹೀಟ್ ನಾಬ್ (ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಬಿಡೋದು) ಎಳೆದ ಮೇಲೆ ಎಂಜಿನ್ ಇನ್ನೂ ಜಾಸ್ತಿ ಕೆಮ್ಮಿ ಆಮೇಲೆ ಸರಿಯಾಯಿತು ಅಂತ ಬರೆದಿದ್ದೀರಿ. ಹಾಗಿದ್ದರೆ ಇಂಧನ, ಗಾಳಿ ಬೆರೆಯುವ ಕಾರ್ಬ್ಯುರೇಟರ್‌ನಲ್ಲಿ ಐಸ್ ಕಟ್ಟಿರಬೇಕು. ಹೊರಗೆ 22 ಡಿಗ್ರಿ ಇರುವಾಗ ಐಸ್ ಎಲ್ಲಿಂದ ಬಂತು ಅನ್ನೋದು ನಿಮ್ಮ ಪ್ರಶ್ನೆ ಅಲ್ವಾ? ಇಂಧನ ಆವಿಯಾಗುವಾಗ, ಗಾಳಿ ಕಿರಿದಾದ ಜಾಗದಲ್ಲಿ ನುಗ್ಗುವಾಗ, ಕಾರ್ಬ್ಯುರೇಟರ್ ಒಳಗೆ 20 ಡಿಗ್ರಿಗಿಂತ ಜಾಸ್ತಿ ತಣ್ಣಗಾಗಬಹುದು. ಮಳೆಗಾಲದ ತೇವದ ಗಾಳಿ, ಮುಕ್ಕಾಲು ಮುಚ್ಚಿದ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಕವಾಟ), ಇಷ್ಟು ಸಾಕು.

ಎಂಜಿನ್ ಕೆಮ್ಮಿದ್ದು ಕರಗಿದ ನೀರು ಒಳಗೆ ಹೋಗಿದ್ದಕ್ಕೆ. ಇಲ್ಲೇ ಹೊಸಬರು ಹೆದರಿ ನಾಬ್ ವಾಪಸ್ ತಳ್ಳಿಬಿಡುತ್ತಾರೆ. ಬೇಡ, ಪೂರ್ತಿ ಎಳೆದೇ ಇಡಿ. ಆ ಬಿಸಿ ಬರೋದು ಎಕ್ಸಾಸ್ಟ್‌ನಿಂದ, ಎಂಜಿನ್ ನಿಂತು ತಣ್ಣಗಾದ ಮೇಲೆ ಎಳೆದರೆ ಸುಮ್ನೆ. ಎಂಜಿನ್ ಪೂರ್ತಿ ನಿಂತೇಹೋದರೆ ಮೊದಲು ತೇಲಿಕೊಂಡು ಇಳಿಯೋಕೆ 60 ನಾಟ್ ವೇಗ ಹಿಡಿಯಿರಿ, ಇಳಿಯುವ ಜಾಗ ನೋಡಿ, ಆಮೇಲೆ ಕಾರ್ಬ್ ಹೀಟ್, ಫ್ಯೂಯಲ್, ಮಿಕ್ಸ್ಚರ್ (ಇಂಧನ-ಗಾಳಿ ಪ್ರಮಾಣ), ಮ್ಯಾಗ್ನೆಟೊ (ಕಿಡಿ ಕೊಡುವ ಸಾಧನ) ಇವನ್ನು ನೋಡಿ. ನಿಮ್ಮ ವಿಮಾನದ ಚೆಕ್‌ಲಿಸ್ಟ್ ಏನು ಹೇಳುತ್ತದೋ ಅದೇ ಕೊನೆ ಮಾತು.

ಅಂದಹಾಗೆ, ಮುಂದೆ ಸೆಸ್ನಾದ್ದೇ ಇನ್ನೊಂದು ವಿಮಾನ 172ಎಸ್‌ಗೆ ಹೋದರೆ ಈ ಕಾರ್ಬ್ ಹೀಟ್ ನಾಬ್ ಹುಡುಕಬೇಡಿ. ಅದರದ್ದು ಫ್ಯೂಯಲ್ ಇಂಜೆಕ್ಷನ್, ಕಾರ್ಬ್ಯುರೇಟರೇ ಇಲ್ಲ.