ಕಾಡಲ್ಲಿ ನಡೆಯುವವರಿಗೆ ಎರಡೇ ಬೊಂಬೆ ಸಾಕು

ಏಪ್ರಿಲ್ ಹತ್ತಿರ ಬಂತು. ಅಮೆರಿಕದಲ್ಲಿರುವ ನಮ್ಮ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಟರ್ಕಿ ಅನ್ನುವ ದೊಡ್ಡ ಕಾಡು ಹಕ್ಕಿಯ ಬೇಟೆಯವೇ. ಅದರಲ್ಲೂ ಡಿಕಾಯ್, ಅಂದರೆ ಹುಂಜವನ್ನು ಹತ್ತಿರ ಸೆಳೆಯಲು ಇಡುವ ಬೊಂಬೆ ಹಕ್ಕಿಯ ಬಗ್ಗೆ.

ಪ್ರಶ್ನೆ: ಅಣ್ಣಾ, ನಾನಿರುವುದು ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಹಂಟರ್ ಎಜುಕೇಶನ್ ಅನ್ನುವ ಬೇಟೆ ತರಬೇತಿ ಮುಗಿಸಿದ್ದೇನೆ. ಸ್ವಂತ ಜಮೀನಿಲ್ಲ, ಸರ್ಕಾರಿ ಕಾಡಾದ ಮಾರ್ಕ್ ಟ್ವೇನ್ ನ್ಯಾಷನಲ್ ಫಾರೆಸ್ಟ್‌ಗೇ ಹೋಗಬೇಕು. ಒಂದೇ ಕಡೆ ಕೂರುವುದು ನನಗೆ ಆಗದ ಮಾತು. ಹುಂಜ ಕೂಗಿದ ಕಡೆ ನಡೆಯುವ ಆಸೆ. ಅಂಗಡಿಯಲ್ಲಿ ಬಾಲ ಬಿಚ್ಚಿ ನಿಂತ ದೊಡ್ಡ ಹುಂಜದ ಬೊಂಬೆ ನೋಡಿದೆ, ಜೀವ ಇದ್ದ ಹಾಗಿದೆ. ತಗೊಳ್ಳಲಾ?

ಉತ್ತರ: ಬೇಡ ತಮ್ಮಾ, ಅದನ್ನು ಅಂಗಡಿಯಲ್ಲೇ ಬಿಡು. ಬೊಂಬೆ ಕೆಟ್ಟದ್ದು ಅಂತಲ್ಲ. ಹೊಲದ ಅಂಚಿಗೆ ಟ್ರಕ್ ತಂದು ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆದು, ಬ್ಲೈಂಡ್, ಅಂದರೆ ಅಡಗಿ ಕೂರುವ ಗೂಡಿನ ಒಳಗೆ ಕೂರುವವರಿಗೆ ಅದು ಸರಿ. ಓಝಾರ್ಕ್ ಗುಡ್ಡ ಹತ್ತಿ ಇಳಿಯುವವನಿಗೆ ಅಲ್ಲ. ಎಷ್ಟೇ ಮಡಚಿದರೂ ಬಾಲ, ತಲೆ, ನೆಲಕ್ಕೆ ಚುಚ್ಚುವ ಸರಳು ಎಲ್ಲ ಸೇರಿ ಬೆನ್ನ ಮೇಲೆ ಮೂಟೆಯಾಗುತ್ತದೆ. ಮುಳ್ಳುಬಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಮೂರನೇ ಗುಡ್ಡದ ಹೊತ್ತಿಗೆ 'ಮತ್ತೆ ಇದನ್ನೆಲ್ಲ ಬಿಚ್ಚಬೇಕಾ' ಅನ್ನಿಸುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನೀನು ಹೋಗುವುದು ಎಲ್ಲರೂ ಬರುವ ಕಾಡು. ಮಿಸೌರಿಯಲ್ಲಿ ವಸಂತದಲ್ಲಿ ಹೊಡೆಯಬಹುದಾದದ್ದು ಗಂಡು ಟರ್ಕಿಯನ್ನು, ಇಲ್ಲವೇ ಎದೆಯಲ್ಲಿ ಗಡ್ಡ, ಅಂದರೆ ಜೋತುಬಿದ್ದ ಕೂದಲಿನಂಥ ಗರಿಯ ಗೊಂಚಲು, ಕಾಣುವ ಹಕ್ಕಿಯನ್ನು. ಹಾಗಾಗಿ ಪ್ರತಿಯೊಬ್ಬ ಬೇಟೆಗಾರನ ಕಣ್ಣೂ ಆ ಕೆಂಪು, ಬಿಳಿ, ನೀಲಿ ತಲೆಯನ್ನೇ ಹುಡುಕುತ್ತಿರುತ್ತದೆ. ಮರಗಳ ಸಂದಿಯಲ್ಲಿ ನಿನ್ನ ಬೊಂಬೆ ಅವನಿಗೂ ಹುಂಜವೇ. ಬೇಟೆಗಾರರು ಟರ್ಕಿ ಬಾಲದ ಗರಿಯನ್ನು ಮುಖಕ್ಕೆ ಅಡ್ಡ ಹಿಡಿದು ಹುಂಜದ ಕಡೆ ತೆವಳುವ ವಿಡಿಯೋಗಳನ್ನು ನೀನೂ ನೋಡಿರುತ್ತೀಯ. ಅದನ್ನಂತೂ ಇಂಥ ಕಾಡಿನಲ್ಲಿ ಯೋಚಿಸಲೂ ಬೇಡ.

ನನ್ನ ವೆಸ್ಟ್‌ನಲ್ಲಿ, ಅಂದರೆ ಬೆನ್ನಿಗೆ ಚೀಲವಿರುವ ಬೇಟೆ ಅಂಗಿಯಲ್ಲಿ, ಇರುವುದು ಎರಡೇ. ಒಂದು ಹ್ಯಾಟೆ, ಒಂದು ಜೇಕ್. ಜೇಕ್ ಅಂದರೆ ಒಂದು ವರ್ಷದ ಪಡ್ಡೆ ಹುಂಜ. ದೊಡ್ಡ ಹುಂಜದ ಬೊಂಬೆ ಕಂಡರೆ ಏಟು ತಿಂದು ಸೋತಿರುವ ಹುಂಜಗಳು ಅಲ್ಲಿಂದಲೇ ವಾಪಸ್ ಹೋಗುತ್ತವೆ. ಪಡ್ಡೆ ಹುಂಜವೊಂದು ಹ್ಯಾಟೆಯ ಪಕ್ಕ ನಿಂತಿದ್ದರೆ ಹಾಗಲ್ಲ. 'ಇವನ್ಯಾವನು' ಅಂತ ಓಡಿಸಲು ಬರುತ್ತವೆ. ಆದರೆ ಜೇಕ್ ತಲೆಯೂ ಕೆಂಪೇ. ಶನಿವಾರ, ಭಾನುವಾರ ಪಾರ್ಕಿಂಗ್ ಜಾಗದಲ್ಲಿ ಟ್ರಕ್‌ಗಳು ಸಾಲಾಗಿ ನಿಂತಿದ್ದರೆ ನಾನು ಜೇಕ್ ಹೊರಗೆ ತೆಗೆಯುವುದೇ ಇಲ್ಲ. ಹ್ಯಾಟೆ ಒಂದೇ.

ಯಾವ ಬಗೆಯದು ಅಂದರೆ, ನಡೆಯುವವರಿಗೆ ಎರಡು ದಾರಿ. ಒಂದು, ಫೋಮ್‌ನದು. ಅಗ್ಗ, ಹಗುರ, ಸುತ್ತಿ ತುರುಕಬಹುದು. ಎರಡನೆಯದು ಮೊಂಟಾನಾ ಡಿಕಾಯ್‌ನವರು ಮಾಡುವಂಥದ್ದು. ಬಟ್ಟೆಯ ಮೇಲೆ ನಿಜವಾದ ಹಕ್ಕಿಯ ಫೋಟೋ ಅಚ್ಚು ಹಾಕಿರುತ್ತಾರೆ, ಒಳಗೆ ಸ್ಪ್ರಿಂಗ್ ತಂತಿ. ಕಾರಿನ ಗಾಜಿಗೆ ಹಾಕುವ ಬಿಸಿಲು ಪರದೆಯ ಹಾಗೆ ತಿರುಚಿದರೆ ಪುಟ್ಟ ಚಕ್ರವಾಗುತ್ತದೆ. ನನಗೆ ಇದೇ ಇಷ್ಟ. ಒಂದು ಕೊರತೆ ಉಂಟು. ಚಪ್ಪಟೆಯಾಗಿರುವುದರಿಂದ ನೇರ ಎದುರಿನಿಂದ ಬರುವ ಹುಂಜಕ್ಕೆ ಬರೀ ಗೆರೆ ಕಾಣುತ್ತದೆ. ಅದಕ್ಕೇ ಓರೆಯಾಗಿ ಇಡಬೇಕು. ಅವಿಯನ್-ಎಕ್ಸ್, ಡೇವ್ ಸ್ಮಿತ್ ಬೊಂಬೆಗಳು ನೋಡಲು ಇವೆಲ್ಲಕ್ಕಿಂತ ಚೆಂದ, ನಿಜ. ಡೇವ್ ಸ್ಮಿತ್‌ನದು ಮಡಚಲು ಬರುವುದಿಲ್ಲ, ಬೆಲೆಯೂ ಜಾಸ್ತಿ.

ಫೋಮ್ ತಗೊಂಡರೆ ಕತ್ತಿನ ಹತ್ತಿರ ನೋಡು. ವರ್ಷಪೂರ್ತಿ ಮಡಚಿಟ್ಟರೆ ಅಲ್ಲೊಂದು ಗೀರು ಬಿದ್ದು ತಲೆ ವಾಲುತ್ತದೆ. ಸೀಸನ್‌ಗೆ ವಾರ ಮುಂಚೆ ಬಿಚ್ಚಿ ಬಿಸಿಲಲ್ಲಿ ಇಟ್ಟರೆ ನೆಟ್ಟಗಾಗುತ್ತದೆ. ಕಣ್ಣು, ಕೊಕ್ಕಿನ ಹತ್ತಿರ ಬಣ್ಣ ಎದ್ದಿದ್ದರೆ ಹೊಳಪಿಲ್ಲದ ಬಣ್ಣವನ್ನೇ ಹಚ್ಚು. ಟರ್ಕಿಯ ಕಣ್ಣು ಬಲು ಚುರುಕು, ಬಣ್ಣಗಳನ್ನು ಚೆನ್ನಾಗಿ ಗುರುತಿಸುತ್ತದೆ. ಪ್ಲಾಸ್ಟಿಕ್ ಹಾಗೆ ಮಿರಮಿರ ಹೊಳೆಯುವುದು ಬೇಡ.

ಈಗ ಇಡುವ ಜಾಗ. ಬೊಂಬೆ ಎಷ್ಟೇ ಚೆನ್ನಾಗಿರಲಿ, ಆಟ ಕೆಡುವುದು ಇಲ್ಲೇ. ಟರ್ಕಿಗಳಲ್ಲಿ ಸಾಮಾನ್ಯವಾಗಿ ಹುಂಜ ಕೂಗುತ್ತದೆ, ಹ್ಯಾಟೆ ಅದರ ಹತ್ತಿರ ಹೋಗುತ್ತದೆ. ನಾವು ಅದನ್ನು ತಿರುವುಮುರುವು ಮಾಡಲು ಹೊರಟಿರುತ್ತೇವೆ. ಎಂಬತ್ತು ಗಜ ದೂರದಿಂದಲೇ ಹ್ಯಾಟೆ ಕಂಡುಬಿಟ್ಟರೆ ಹುಂಜ ಅಲ್ಲೇ ನಿಂತು ಬಾಲ ಬಿಚ್ಚುತ್ತದೆ. 'ನಾನು ಕಾಣಿಸಿದೆನಲ್ಲ, ಇನ್ನು ನೀನೇ ಬಾ' ಅನ್ನುವ ಹಾಗೆ. ಬೊಂಬೆ ಹೆಜ್ಜೆ ಕಿತ್ತಿಡುವುದಿಲ್ಲ. ಸ್ವಲ್ಪ ಹೊತ್ತು ಕಾದು ಹುಂಜ ಹೊರಟುಹೋಗುತ್ತದೆ. ಹಾಗಾಗಿ ಹಳೇ ಮರ ಸಾಗಿಸುವ ದಾರಿಯ ತಿರುವು ಹುಡುಕು, ಇಲ್ಲವೇ ದಿಬ್ಬದ ನೆತ್ತಿ. ಬೊಂಬೆ ಕಣ್ಣಿಗೆ ಬೀಳುವ ಹೊತ್ತಿಗೆ ಹುಂಜ ನಿನ್ನ ಕೋವಿಯ ಅಳತೆಯೊಳಗೆ ಬಂದಿರಬೇಕು.

ನಿನ್ನಿಂದ 15-20 ಗಜದಲ್ಲಿ ಇಡು. ಹುಂಜ ಬೊಂಬೆಯಿಂದ ಹತ್ತು-ಹದಿನೈದು ಗಜ ಆಚೆಗೇ ನಿಂತರೂ 40 ಗಜದ ಒಳಗೇ ಇರುತ್ತದೆ. ಜೇಕ್ ಮುಖ ನಿನ್ನ ಕಡೆ ಇರಲಿ. ಜಗಳಕ್ಕೆ ಬರುವ ಹುಂಜ ಎದುರಾಳಿಯ ಮುಖಕ್ಕೆ ಬಂದು ನಿಲ್ಲುತ್ತದೆ. ಆಗ ಅದರ ಬೆನ್ನು ನಿನ್ನ ಕಡೆ. ಕೋವಿ ಎತ್ತಲು ಅಷ್ಟು ಹೊತ್ತು ಸಿಕ್ಕಿದರೆ ಸಾಕಲ್ವಾ? ಗಾಳಿ ಇದ್ದರೆ ಬೊಂಬೆ ಬುಗುರಿ ಆಡುತ್ತದೆ. ಬಾಲದ ಎಡಕ್ಕೊಂದು ಬಲಕ್ಕೊಂದು ಕಡ್ಡಿ ಚುಚ್ಚು, ಅಷ್ಟರೊಳಗೆ ಮೆಲ್ಲಗೆ ಅಲುಗಾಡಲಿ. ಓಝಾರ್ಕ್ ನೆಲ ಬರೀ ಕಲ್ಲು, ತೆಳು ಸರಳು ಬಾಗುತ್ತದೆ. ಗಟ್ಟಿ ಸ್ಟೀಲ್‌ನದು, ತುದಿ ಚೂಪಾಗಿರುವುದು ತಗೋ.

ಪ್ರಶ್ನೆ: ಬೊಂಬೆಗಳನ್ನು ವೆಸ್ಟ್ ಹಿಂದಿನ ಚೀಲದಲ್ಲಿ ಹಾಕಿ ನಡೆದರೆ ಟಿಣ್ ಟಿಣ್ ಸದ್ದು. ತೆಗೆಯುವಾಗಲೂ ಗಡಿಬಿಡಿ. ಹೇಗೆ ಹೊರಬೇಕು? (ಪಿಟ್ಸ್‌ಬರ್ಗ್, ಪೆನ್ಸಿಲ್ವೇನಿಯಾ)

ಉತ್ತರ: ಸದ್ದು ಸರಳುಗಳದ್ದು. ಎರಡಕ್ಕೂ ಬಟ್ಟೆ ಟೇಪ್ ಸುತ್ತಿ, ಒಂದೇ ಕಟ್ಟು ಮಾಡಿ, ವೆಸ್ಟ್‌ನ ಪಕ್ಕದಲ್ಲಿ ನಿಲ್ಲಿಸಿ. ಬೊಂಬೆಯ ಜೊತೆ ಸೇರಿಸಬೇಡಿ. ತಲೆಗೊಂದು ಹಳೇ ಸಾಕ್ಸ್ ತೊಡಿಸಿ, ಬಣ್ಣ ಉಜ್ಜಿ ಹೋಗುವುದಿಲ್ಲ. ನಾನು ನೀರಿನ ಬಾಟಲಿ, ಬುತ್ತಿ ಎಲ್ಲ ಕೆಳಗೆ ಹಾಕಿ ಬೊಂಬೆಗಳನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಒಂದು ಕೈಯಲ್ಲಿ ಎಳೆದರೆ ಹ್ಯಾಟೆ ಮೊದಲು ಬರಬೇಕು. ಮನೆಯ ಹಿತ್ತಲಲ್ಲಿ ಕತ್ತಲಾದ ಮೇಲೆ ಅಭ್ಯಾಸ ಮಾಡಿ. ಬೆಳಗಿನ ಜಾವ ಕಾಡಿನಲ್ಲಿ ಇರುವುದು ಅದೇ ಕತ್ತಲು.

ಗಡಿಬಿಡಿಗೆ ಬೇರೆ ಮದ್ದಿದೆ. ಹುಂಜ ನೂರು ಗಜದ ಒಳಗೆ ಕೂಗಿತೋ, ಬೊಂಬೆಯ ಆಸೆ ಬಿಟ್ಟುಬಿಡಿ. ದಪ್ಪ ಮರಕ್ಕೆ ಬೆನ್ನು ಕೊಟ್ಟು ಕೂತುಬಿಡಿ. ಬೊಂಬೆ ನೆಡಲು ಬಯಲಿಗೆ ಹೋದವನನ್ನು ಹುಂಜ ನೋಡಿಬಿಟ್ಟರೆ ಆ ಬೆಳಗು ಮುಗಿಯಿತು. ಮೇ ತಿಂಗಳಲ್ಲಿ ಎಲೆ ತುಂಬಿದ ದಟ್ಟ ಕಾಡಿನಲ್ಲಂತೂ ಬೊಂಬೆ ಯಾರಿಗೂ ಕಾಣುವುದಿಲ್ಲ, ಸುಮ್ನೆ ಹೊತ್ತಿದ್ದಷ್ಟೇ ಬಂತು. ಅಲ್ಲಿ ನೀವು ಹಾಕುವ ಹ್ಯಾಟೆಯ ಕೂಗೇ ಸಾಕು.

ನಿಮ್ಮ ರಾಜ್ಯದ ಕಾಯಿದೆಯೂ ನೆನಪಿರಲಿ. ಪೆನ್ಸಿಲ್ವೇನಿಯಾದಲ್ಲಿ ವಸಂತದ ಟರ್ಕಿಯನ್ನು ಕೂಗಿ ಕರೆದೇ ಹೊಡೆಯಬೇಕು. ನುಸುಳಿಕೊಂಡು ಹಕ್ಕಿಯ ಹತ್ತಿರ ಹೋಗುವಂತಿಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯಿರಿ, ಕೂತು ಕೂಗಿ, ಅದೇ ಬಂದರೆ ಬರಲಿ. ಅಲಬಾಮಾದಲ್ಲಿ ಸೀಸನ್‌ನ ಮೊದಲ 10 ದಿನ ಡಿಕಾಯ್ ಇಡುವ ಹಾಗೇ ಇಲ್ಲ. ಬೇರೆ ರಾಜ್ಯಕ್ಕೆ ಹೊರಡುವ ಮೊದಲು ಆ ವರ್ಷದ ನಿಯಮದ ಪುಸ್ತಕ ಓದಲೇಬೇಕು.

ಪ್ರಶ್ನೆ: ಊರಿಗೆ ಹೋಗುವಾಗ ಒಂದು ಬೊಂಬೆ ಒಯ್ದು ತೋಟದಂಚಿನಲ್ಲಿ ಕಾಡುಕೋಳಿಗೆ ಇಡಬಹುದಾ? (ಆಸ್ಟಿನ್, ಟೆಕ್ಸಾಸ್)

ಉತ್ತರ: ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಕೋಳಿ ಬೇಟೆ ಅಪರಾಧ. ತೋಟ ನಿಮ್ಮದೇ ಆದರೂ ಅಷ್ಟೇ. ಕ್ಯಾಮೆರಾ ಒಯ್ಯಿರಿ. ಬೆಳಗಿನ ಜಾವ ತೋಟದಂಚಿನಲ್ಲಿ ಕೂತರೆ ಅವು ತಾವಾಗಿಯೇ ಬರುತ್ತವೆ.

ಪ್ರಶ್ನೆ: ನಮ್ಮ ಯಜಮಾನರು ಈ ವರ್ಷ ಒಬ್ಬರೇ ಮಿಸೌರಿಯ ಸರ್ಕಾರಿ ಕಾಡಿಗೆ ಟರ್ಕಿ ಬೇಟೆಗೆ ಹೊರಟಿದ್ದಾರೆ. ಚೀಲದಲ್ಲಿ ಟರ್ಕಿ ಬೊಂಬೆ ತುಂಬಿಕೊಂಡು, ಕೋವಿ ಹಿಡಿದ ಜನರ ಮಧ್ಯೆ ಓಡಾಡುವುದು ನೆನೆದರೇ ಗಾಬರಿ. ಏನು ಹೇಳಿ ಕಳಿಸಲಿ? (ಸೇಂಟ್ ಲೂಯಿಸ್)

ಉತ್ತರ: ತಂಗೀ, ನಿನ್ನ ಗಾಬರಿ ಸರಿಯಾದದ್ದೇ. ಬೊಂಬೆ ಹೊತ್ತು ನಡೆಯುವ ಹೊತ್ತೇ ಈ ಬೇಟೆಯಲ್ಲಿ ಅಪಾಯದ ಹೊತ್ತು. ಚೀಲದಿಂದ ತಲೆಯಾಗಲಿ ಬಾಲವಾಗಲಿ ಹೊರಗೆ ಇಣುಕಬಾರದು. ಒಳ್ಳೆಯ ಟರ್ಕಿ ವೆಸ್ಟ್‌ಗಳ ಬೆನ್ನಲ್ಲಿ ಉಜ್ವಲ ಕಿತ್ತಳೆ ಬಣ್ಣದ ಬಟ್ಟೆ ಮಡಚಿಟ್ಟಿರುತ್ತಾರೆ. ನಡೆಯುವಾಗ ಅದನ್ನು ಹೊರಗೆ ಬಿಟ್ಟುಕೊಳ್ಳಲಿ, ಕೂತಾಗ ಒಳಗೆ ಸೇರಿಸಲಿ. ಹೊಡೆದ ಹಕ್ಕಿಯನ್ನು ಹೊತ್ತು ತರುವಾಗಲೂ ಕಿತ್ತಳೆ ಬಟ್ಟೆ ಸುತ್ತಲೇಬೇಕು. ನೀನು ಅವರ ಬಟ್ಟೆಯನ್ನು ಒಮ್ಮೆ ನೋಡು. ಕೆಂಪು, ಬಿಳಿ, ನೀಲಿ, ಕಪ್ಪು ಯಾವುದೂ ಬೇಡ. ಬಿಳಿ ಸಾಕ್ಸ್, ಬಿಳಿ ಕರ್ಚೀಫ್, ಕಾಲರ್ ಒಳಗಿಂದ ಇಣುಕುವ ಕೆಂಪು ಬನಿಯನ್ ಕೂಡ.

ಕೂರುವ ಮರ ಭುಜಕ್ಕಿಂತ ಅಗಲ ಇರಲಿ. ಬೊಂಬೆಯ ಆಚೆಯಿಂದ ಯಾರಾದರೂ ಬಂದರೆ ದೂರದಿಂದಲೇ ಕಾಣುವಂತಿರಲಿ. ಹಾಗೆ ಬಂದವರಿಗೆ ಕೈ ಬೀಸಬಾರದು, ಎದ್ದು ನಿಲ್ಲಬಾರದು, ಟರ್ಕಿ ಕೂಗಂತೂ ಹಾಕಲೇಬಾರದು. ಅಲುಗಾಡದೆ ಕೂತಲ್ಲಿಂದಲೇ ಜೋರಾಗಿ ಮನುಷ್ಯರ ದನಿಯಲ್ಲಿ ಇಂಗ್ಲಿಷ್‌ನಲ್ಲೇ ಕೂಗಿ ಹೇಳಬೇಕು. ಹುಂಜ ಹೋದರೆ ಹೋಗಲಿ.

ರಕ್ತ ಹೀರುವ ಉಣ್ಣಿ ಹುಳದ ವಿಷಯವೂ ಹೇಳಿಬಿಡುತ್ತೇನೆ. ಮಿಸೌರಿ ಕಾಡಿನಲ್ಲಿ ಲೋನ್ ಸ್ಟಾರ್ ಅನ್ನುವ ಉಣ್ಣಿ ಜಾಸ್ತಿ. ಹೆಣ್ಣಿನ ಬೆನ್ನ ಮೇಲೆ ಒಂದು ಬಿಳಿ ಚುಕ್ಕೆ. ಅದು ಕಚ್ಚಿದ ಕೆಲವರಿಗೆ ಆಮೇಲೆ ಮಟನ್, ಬೀಫ್, ಪೋರ್ಕ್ ತಿಂದರೆ ಅಲರ್ಜಿ ಶುರುವಾಗುತ್ತದೆ. ಹಿಂದಿನ ದಿನವೇ ಪ್ಯಾಂಟು, ಸಾಕ್ಸ್, ಬೂಟಿಗೆ ಪರ್ಮೆಥ್ರಿನ್ ಅನ್ನುವ ಉಣ್ಣಿ ಔಷಧ ಸಿಂಪಡಿಸಿ ಒಣಗಿಸು. ಮೈಗೆ ಹಚ್ಚುವುದಲ್ಲ ಅದು. ವಾಪಸ್ ಬಂದ ಕೂಡಲೇ ಸ್ನಾನ, ಮೈಯೆಲ್ಲ ಹುಡುಕುವುದು.

ಮಿಸೌರಿಯ ಸರ್ಕಾರಿ ಕಾಡುಗಳಲ್ಲಿ ಬೇಟೆ ಮಧ್ಯಾಹ್ನ 1 ಗಂಟೆಗೆ ನಿಲ್ಲಬೇಕು. ಟ್ರಕ್ ಎಲ್ಲಿ ನಿಲ್ಲಿಸುತ್ತಾರೆ, ಯಾವ ಕಡೆ ನಡೆಯುತ್ತಾರೆ ಅಂತ ಒಂದು ಚೀಟಿಯಲ್ಲಿ ಬರೆಸಿ ಫ್ರಿಜ್ ಮೇಲೆ ಅಂಟಿಸು. ಕಾಡಿನಲ್ಲಿ ಸಿಗ್ನಲ್ ಇರುವುದಿಲ್ಲ, ರಸ್ತೆಗೆ ಬಂದ ಮೇಲೆ ಫೋನ್ ಮಾಡಲಿ. ಇಷ್ಟು ಗಂಟೆಯೊಳಗೆ ಅಂತ ಇಬ್ಬರೂ ಮಾತಾಡಿಕೊಳ್ಳಿ. ಆ ಹೊತ್ತು ದಾಟಿದರೆ ಕಾಯುತ್ತಾ ಕೂರಬೇಡ, ಚೀಟಿ ಹಿಡಿದು ಆ ಕೌಂಟಿಯ ಶೆರಿಫ್ ಕಚೇರಿಗೆ ಫೋನ್ ಮಾಡು.