ಗದಗದ ಗುರುತ್ವ, ಕಾಂತೀಯ ದತ್ತಾಂಶ ಎಲ್ಲಿ ಸಿಗುತ್ತದೆ? ನಾವು ಅಳೆದದ್ದನ್ನು ಅಲ್ಲಿಗೇ ಸೇರಿಸಬಹುದೇ?

ನೀವು ಕೇಳಿರುವುದು ಎರಡು ಸಂಗತಿ. ಎಂ.ಎಸ್ಸಿ. ಪ್ರಬಂಧಕ್ಕೆ ಗದಗ ಸುತ್ತಲಿನ ಸರ್ಕಾರಿ ಭೂಭೌತ ಸಮೀಕ್ಷೆಯ ಅಂಕಿಗಳು ಬೇಕು. ನೀವೂ ಸಹಪಾಠಿಗಳೂ ಮ್ಯಾಗ್ನೆಟೋಮೀಟರ್ (ಭೂಕಾಂತ ಕ್ಷೇತ್ರದ ಬಲ ಅಳೆಯುವ ಯಂತ್ರ) ಹೊತ್ತು ಕಪ್ಪತಗುಡ್ಡದ ತಪ್ಪಲಲ್ಲಿ ಅಳೆದದ್ದನ್ನು ಅದೇ ಭಂಡಾರಕ್ಕೆ ಕೊಡಬೇಕು. ಇಂತಹ ಫೈಲುಗಳನ್ನು ಸೋಸಿ ಶುದ್ಧ ಮಾಡುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ.

ಸಿಗುವ ಜಾಗ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರ, ಅಂದರೆ ಎನ್‌ಜಿಡಿಆರ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ (ಜಿಎಸ್‌ಐ) ಮತ್ತು ಗಾಂಧಿನಗರದ ಭೂಮಾಹಿತಿ ಸಂಸ್ಥೆ ಬೈಸಾಗ್-ಎನ್ ಸೇರಿ ಕಟ್ಟಿದ ಈ ಪೋರ್ಟಲ್ 2023ರ ಡಿಸೆಂಬರ್ 19ರಂದು ತೆರೆಯಿತು. ಅದಕ್ಕೂ ಹಳೆಯದು ಜಿಎಸ್‌ಐನ ಭೂಕೋಶ್; ಅದರಲ್ಲೂ ಕೈಯಾಡಿಸಿ. ನೋಂದಣಿಯ ಬಗ್ಗೆ ಹೇಳುವಂಥದ್ದೇನಿಲ್ಲ, ಮಾಡಿಕೊಳ್ಳಿ. ಆದರೆ ಹುಡುಕುವಾಗ ಊರಿನ ಹೆಸರಿಗಿಂತ ಟೋಪೋಶೀಟ್ (ಸರ್ವೇ ಆಫ್ ಇಂಡಿಯಾದ ಭೂನಕ್ಷೆಯ ಹಾಳೆ) ಸಂಖ್ಯೆಯೇ ಬೇಗ ದಾರಿ ತೋರಿಸುತ್ತದೆ. ಗದಗ ಪಟ್ಟಣ ಬರುವುದು 48ಎಂ/11ರಲ್ಲಿ. ಕಪ್ಪತಗುಡ್ಡ ದಕ್ಷಿಣಕ್ಕೆ ಚಾಚಿಕೊಂಡಿರುವುದರಿಂದ ಅದರ ಕೆಳಗಿನ 48ಎಂ/12 ಕೂಡ ಬೇಕಾಗುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಾಳೆಯ ಗುರುತ್ವ ನಕ್ಷೆಗಾಗಿ ಪತ್ರದ ಮೇಲೆ ಪತ್ರ ಬರೆದು, ಕೊನೆಗೆ ಜೆರಾಕ್ಸ್ ಪ್ರತಿ ಪಡೆದು, ಅದರ ಗೆರೆಗಳನ್ನು ಕೈಯಿಂದ ಡಿಜಿಟೈಸ್ ಮಾಡಿದ್ದುಂಟು. ಮೂಲ ದತ್ತಾಂಶ ಸಾರ್ವಜನಿಕ ಸ್ವತ್ತು, ಅದನ್ನು ಪುಕ್ಕಟೆಯಾಗಿ ಕೊಡಬೇಕು ಎಂದು 2016ರ ರಾಷ್ಟ್ರೀಯ ಖನಿಜ ಅನ್ವೇಷಣಾ ನೀತಿ ಹೇಳಿದ ಮೇಲೆ ಗಾಳಿ ಬದಲಾಯಿತು.

ಈಗ ಒಳಗೆ ಏನಿದೆ ನೋಡೋಣ. ನೆಲದ ಮೇಲಿನ ರಾಷ್ಟ್ರೀಯ ಭೂಭೌತ ನಕ್ಷಾಕಾರ್ಯದಲ್ಲಿ ಸುಮಾರು ಎರಡೂವರೆ ಚದರ ಕಿಲೋಮೀಟರ್‌ಗೆ ಒಂದರಂತೆ ಗುರುತ್ವ ಮತ್ತು ಕಾಂತೀಯ ಅಳತೆ ಇರುತ್ತದೆ. ಒಂದು ಟೋಪೋಶೀಟಿಗೆ ಮುನ್ನೂರರ ಆಸುಪಾಸು ಬಿಂದುಗಳು. ಗದಗ ಬೆಲ್ಟಿನ (ಚಿನ್ನ, ಕಬ್ಬಿಣ ಹೊತ್ತ ಹಳೆಯ ಶಿಲೆಗಳ ಪಟ್ಟಿಯ) ಗಡಿ, ಗ್ರಾನೈಟಿನ ಒಡಲು ಇಷ್ಟು ಕಾಣಬಹುದು. ಇಪ್ಪತ್ತು ಮೀಟರ್ ಅಗಲದ ಚಿನ್ನದ ಪಟ್ಟಿಯನ್ನು ಅದರಲ್ಲಿ ಹುಡುಕುವುದು ಬಲೆಯಲ್ಲಿ ನೀರು ಹಿಡಿದಂತೆ. 2017ರಲ್ಲಿ ಶುರುವಾದ ವೈಮಾನಿಕ ಸಮೀಕ್ಷೆ ಇದಕ್ಕಿಂತ ಸೂಕ್ಷ್ಮ: 300 ಮೀಟರ್‌ಗೊಂದು ಹಾರಾಟದ ಸಾಲು, ನೆಲದಿಂದ 80 ಮೀಟರ್ ಎತ್ತರ, ಕಾಂತೀಯದ ಜೊತೆ ಗಾಮಾ ವಿಕಿರಣದ ಅಳತೆ. ನಿಮ್ಮ ಹಾಳೆಗಳಿಗೆ ಇವೆರಡರಲ್ಲಿ ಯಾವುದಿದೆ ಎಂಬುದನ್ನು ಮೊದಲು ನೋಡಿ, ಪ್ರಬಂಧದ ಶೀರ್ಷಿಕೆಯನ್ನು ಆಮೇಲೆ ಇಡಿ. (ಬೋರ್‌ವೆಲ್ ಎಲ್ಲಿ ಕೊರೆಸಲಿ ಎಂದು ಈ ಪೋರ್ಟಲ್ ತೆರೆದು ನನ್ನನ್ನು ಕೇಳುವ ನೆಂಟರಿದ್ದಾರೆ. ಅದಕ್ಕೆ ತೆಂಗಿನಕಾಯಿಯೂ ಬೇಡ, ಇದೂ ಬೇಡ. ನೆಲಕ್ಕೆ ವಿದ್ಯುತ್ ಹರಿಸಿ ಅಳೆಯುವ ರೆಸಿಸ್ಟಿವಿಟಿ ಪರೀಕ್ಷೆಯನ್ನು ಹೊಲದಲ್ಲೇ ಮಾಡಿಸಬೇಕು.)

ಇಳಿಸಿಕೊಳ್ಳುವಾಗ ಬಣ್ಣದ ನಕ್ಷೆಗೆ ಮರುಳಾಗಬೇಡಿ, ಬಿಂದುಗಳ ಅಥವಾ ಗ್ರಿಡ್‌ನ ಅಂಕಿಗಳನ್ನೇ ತೆಗೆದುಕೊಳ್ಳಿ. ಕಾರಣ ನಮ್ಮ ಸೀಮೆಯದೇ. ಗದಗದಲ್ಲಿ ಭೂಕಾಂತ ಕ್ಷೇತ್ರ ಹೆಚ್ಚು ಕಡಿಮೆ ಅಡ್ಡ ಮಲಗಿದೆ, ನೆಲಮಟ್ಟದಿಂದ ಅದರ ಬಾಗು ಸುಮಾರು 20 ಡಿಗ್ರಿ. ಪಠ್ಯಪುಸ್ತಕದಲ್ಲಿ ಕಬ್ಬಿಣದ ಶಿಲೆಯ ನೆತ್ತಿಯ ಮೇಲೆ ಕೆಂಪು ಏರು (ಹೆಚ್ಚಿನ ಕಾಂತೀಯ ಅಂಕಿ) ಇರುತ್ತದೆ. ನಮ್ಮಲ್ಲಿ ಅದೇ ಶಿಲೆಯ ಮೇಲೆ ನೀಲಿ ತಗ್ಗು ಕೂರುತ್ತದೆ. ಇನ್ನೊಂದು ತೊಡಕು: ಉತ್ತರ-ದಕ್ಷಿಣಕ್ಕೆ ಉದ್ದವಾಗಿ ಮಲಗಿದ ಶಿಲೆಗಳು ಇಂತಹ ಕ್ಷೇತ್ರದಲ್ಲಿ ಪಿಸುಗುಟ್ಟುತ್ತವೆಯೇ ಹೊರತು ಕೂಗುವುದಿಲ್ಲ, ಗದಗ ಬೆಲ್ಟ್ ಮಲಗಿರುವುದೂ ಹೆಚ್ಚು ಕಡಿಮೆ ಹಾಗೆಯೇ. ಏರಿಳಿತವನ್ನು ಶಿಲೆಯ ನೆತ್ತಿಗೆ ತರಲು 'ಧ್ರುವಕ್ಕೆ ಇಳಿಸುವ' ಲೆಕ್ಕ ಮಾಡುತ್ತಾರೆ. ಕಡಿಮೆ ಅಕ್ಷಾಂಶದಲ್ಲಿ ಆ ಲೆಕ್ಕ ಹದ ತಪ್ಪಿ, ಇಲ್ಲದ ಪಟ್ಟೆಗಳನ್ನು ಉತ್ತರ-ದಕ್ಷಿಣವಾಗಿ ಎಳೆದುಬಿಡುತ್ತದೆ. ಬೇರೊಬ್ಬರು ಮಾಡಿದ ಲೆಕ್ಕದ ಚಿತ್ರ ಇಟ್ಟುಕೊಂಡರೆ ಯಾವುದು ಶಿಲೆ, ಯಾವುದು ಗಣಿತದ ನೆರಳು ಎಂದು ತಿಳಿಯುವುದೇ ಇಲ್ಲ.

ಹಳೆಯ ವರದಿಯ ಅಂಕಿಗಳಾದರೆ ನಿರ್ದೇಶಾಂಕ (ಅಕ್ಷಾಂಶ-ರೇಖಾಂಶ) ಹಳೆಯ ಸರ್ವೇ ನಕ್ಷೆಗಳ ಎವರೆಸ್ಟ್ ಪದ್ಧತಿಯದೋ ಈಗಿನ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84ರದೋ ಎಂದು ನೋಡಿಯೇ ಮುಂದುವರಿಯಿರಿ. ಎರಡರ ನಡುವೆ ನಮ್ಮ ಕಡೆ ನೂರು ಮೀಟರ್‌ಗೂ ಹೆಚ್ಚು ಅಂತರ. ಒಮ್ಮೆ ನಾನೇ ಇದನ್ನು ಮರೆತು, ಕೊರೆಯುವ ಜಾಗವೆಂದು ಗುರುತಿಸಿ ಕೊಟ್ಟ ಬಿಂದು ಕೆರೆಯ ನಡುನೀರಿನಲ್ಲಿ ಹೋಗಿ ನಿಂತಿತ್ತು.

ಇನ್ನು ಕೊಡುವ ವಿಷಯ. ಭಂಡಾರಕ್ಕೆ ದತ್ತಾಂಶ ಬರುವುದು ಹೆಚ್ಚಾಗಿ ಜಿಎಸ್‌ಐ, ರಾಜ್ಯಗಳ ಗಣಿ ಇಲಾಖೆಗಳು, ಅನ್ವೇಷಣಾ ಸಂಸ್ಥೆಗಳು ಇಂಥವರಿಂದ. ನಿಮ್ಮ ಹೆಸರಿನಲ್ಲಿ ಒಂಟಿಯಾಗಿ ಹೋಗಬೇಡಿ; ವಿಭಾಗದ ಮುಖ್ಯಸ್ಥರ ಪತ್ರದೊಂದಿಗೆ ವಿಶ್ವವಿದ್ಯಾಲಯದ ಮೂಲಕ ಹೋಗಿ. ನಿರ್ಬಂಧದ ಭಯವಿದ್ದರೆ ಬಿಡಿ: ನಕ್ಷೆ, ಅಳತೆಗಳ ಬಗ್ಗೆ ಕೇಂದ್ರ ಸರ್ಕಾರದ 2021ರ ಫೆಬ್ರವರಿಯ ಮಾರ್ಗಸೂಚಿ ಬಂದ ಮೇಲೆ ಭಾರತೀಯರು ಇಂತಹ ಅಳತೆ ಮಾಡಲು ಮುಂಗಡ ಅನುಮತಿ ಬೇಕಿಲ್ಲ. ಒಂದು ಮೀಟರ್ ಸಮತಲ ನಿಖರತೆ, ಒಂದು ಮಿಲಿಗ್ಯಾಲ್ (ಗುರುತ್ವ ಅಳೆಯುವ ಮಾನ) ಗುರುತ್ವ ಮುಂತಾದ ಮಿತಿಗಳು ಮುಖ್ಯವಾಗಿ ವಿದೇಶಿ ಕಂಪನಿಗಳಿಗೆ.

ಫೈಲಿನಲ್ಲಿ ತಿದ್ದಿದ ಅಂಕಿಯ ಪಕ್ಕದಲ್ಲಿ ಯಂತ್ರ ತೋರಿಸಿದ ಕಚ್ಚಾ ಅಂಕಿ, ದಿನಾಂಕ, ಗಂಟೆ-ನಿಮಿಷ ಇರಲೇಬೇಕು. ನನ್ನ ಕೈಗೆ ಬರುವ ಹತ್ತು ಫೈಲುಗಳಲ್ಲಿ ಏಳೆಂಟರಲ್ಲಿ 'ಅಂತಿಮ ಮೌಲ್ಯ' ಎಂಬ ಒಂದೇ ಕಾಲಂ ಇರುತ್ತದೆ. ಅದು ಅಡುಗೆಯವನಿಲ್ಲದ ಸಾರು, ಏನು ಹಾಕಿದ್ದಾರೆಂದು ಕೇಳಲು ಯಾರೂ ಇಲ್ಲ. ಮುಂದೆ ಗುರುತ್ವವನ್ನೂ ಅಳೆದರೆ ಎತ್ತರವನ್ನು ಮೊಬೈಲಿನ ಜಿಪಿಎಸ್‌ನಿಂದ ಬರೆದುಕೊಳ್ಳಬೇಡಿ. ಒಂದು ಮೀಟರ್ ತಪ್ಪಿದರೆ ಬೂಗೇರ್ ಮೌಲ್ಯದಲ್ಲಿ (ಎತ್ತರದ ಪ್ರಭಾವ ಕಳೆದ ಗುರುತ್ವದ ಅಂಕಿಯಲ್ಲಿ) ಸುಮಾರು 0.2 ಮಿಲಿಗ್ಯಾಲ್ ತಪ್ಪುತ್ತದೆ, ಮೊಬೈಲ್ ಹತ್ತು ಮೀಟರ್ ತಪ್ಪುವುದು ಹೊಸದೇನಲ್ಲ.

ಕಾಂತೀಯಕ್ಕೆ ನಿಮ್ಮ ಬೇಸ್ ಸ್ಟೇಷನ್, ಅಂದರೆ ಒಂದೇ ಕಡೆ ನಿಂತು ದಿನವಿಡೀ ಅಳೆಯುವ ಯಂತ್ರ, ಎಲ್ಲಿತ್ತು ಎಂದು ನೀವು ಬರೆದಿಲ್ಲ. ದಿನದ ಏರಿಳಿತವೇ ಹತ್ತಾರು ನ್ಯಾನೊಟೆಸ್ಲಾ (ಕಾಂತ ಕ್ಷೇತ್ರ ಅಳೆಯುವ ಮಾನ) ಇರುವಾಗ ಅದಿಲ್ಲದೆ ಸಾಲುಗಳು ಒಂದಕ್ಕೊಂದು ಕೂಡುವುದಿಲ್ಲ. ಅದನ್ನು ಹಾಸ್ಟೆಲ್ಲಿನ ತಗಡಿನ ಮಾಡಿನ ಕೆಳಗೆ ಇಟ್ಟಿದ್ದರೆ, ಅಥವಾ ಇಟ್ಟೇ ಇಲ್ಲದಿದ್ದರೆ, ಹೈದರಾಬಾದಿನ ಎನ್‌ಜಿಆರ್‌ಐ (ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ) ವೀಕ್ಷಣಾಲಯದ ಆ ದಿನಗಳ ನಿಮಿಷವಾರು ದಾಖಲೆ ಹುಡುಕಿ. ದೂರ ಹೆಚ್ಚು, ಒರಟು ತಿದ್ದುಪಡಿಯಷ್ಟೇ ಆಗುತ್ತದೆ. ಹಾಗೆ ಮಾಡಿದ್ದೇವೆ ಎಂದು ಫೈಲಿನ ಮೊದಲ ಸಾಲಿನಲ್ಲೇ ಬರೆದು ಕೊಡಿ.