ದಡ್ಡ ಎಂಬ ಹೆಸರಿಗೆ ಯಾರ ಸಹಿ ಬೇಕಾಗಿತ್ತು?

ಪ್ರಶ್ನೆ: ಎಂಟನೇ ತರಗತಿಯಲ್ಲಿರುವ ನನ್ನ ಮಗನಿಗೆ 14 ವರ್ಷ. ತೋಟದ ಮೋಟರಿನ ಸ್ಟಾರ್ಟರ್ ಬಿಚ್ಚಿ ಸರಿಮಾಡುವ ಹುಡುಗ, ಪುಸ್ತಕ ಹಿಡಿದರೆ ಬೆವರುತ್ತಾನೆ, ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾನೆ. ಶಾಲೆಯಲ್ಲಿ ಅವನಿಗೆ ‘ದಡ್ಡ’ ಎಂದೇ ಹೆಸರು, ಮನೆಯಲ್ಲಿ ಅಜ್ಜಿಗೆ ‘ಸೋಮಾರಿ’. ತಜ್ಞರು ಪರೀಕ್ಷಿಸಿ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಷ್ಟವಾಗುವ ಕಲಿಕಾ ನ್ಯೂನತೆ, ಎಂದಿದ್ದಾರೆ. ಪ್ರಮಾಣಪತ್ರ ಮಾಡಿಸಲು ಹೇಳಿದ್ದಾರೆ. ಅಂಗವಿಕಲನೆಂಬ ಹಣೆಪಟ್ಟಿ ಜನ್ಮಕ್ಕೆ ಅಂಟಿಕೊಳ್ಳುತ್ತದೆಂದು ನಮ್ಮ ಯಜಮಾನರು ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ: ಮಗನಿಗೆ ಹಣೆಪಟ್ಟಿ ಬೇಡವೆನ್ನುವ ನಿಮ್ಮ ಯಜಮಾನರು, ಅವನ ಹಣೆಯ ಮೇಲೆ ಈಗಾಗಲೇ ಎರಡು ಪಟ್ಟಿಗಳಿರುವುದನ್ನು ಗಮನಿಸಿದಂತಿಲ್ಲ. ದಡ್ಡ, ಸೋಮಾರಿ ಎಂಬ ಆ ಹೆಸರುಗಳನ್ನು ಇಡಲು ಯಾವ ಪರೀಕ್ಷೆಯೂ ನಡೆಯಲಿಲ್ಲ, ಯಾವ ವೈದ್ಯರ ಸಹಿಯೂ ಬೇಕಾಗಲಿಲ್ಲ. ಆದ್ದರಿಂದ ಹೆಸರು ಬೇಕೋ ಬೇಡವೋ ಎಂಬ ಪ್ರಶ್ನೆ ಎಂದೋ ಮುಗಿದುಹೋಗಿದೆ. ಇನ್ನುಳಿದಿರುವುದು, ಅವನಿಗೆ ಯಾವ ಹೆಸರಿನಿಂದ ಏನಾದರೂ ಉಪಯೋಗವಿದೆ ಎಂಬುದಷ್ಟೇ.

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್, ಓದಲು ಬಾರದ ಪರ್ಸಿ ಎಂಬ ಹುಡುಗನ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅವನಿಗೂ ಹದಿನಾಲ್ಕೇ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಗೆಲ್ಲ ಇವನೇ ಚುರುಕು ಎಂದು ಅವನ ಮೇಷ್ಟರು ಹೇಳಿದ್ದರು. ನಮ್ಮಲ್ಲಿ 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳೇ ಬಗೆಗಳಿದ್ದು, ಕಲಿಕಾ ನ್ಯೂನತೆ ಅವುಗಳಲ್ಲಿ ಇರಲಿಲ್ಲ. 2016ರ ಕಾಯ್ದೆಯ ಇಪ್ಪತ್ತೊಂದು ಬಗೆಗಳಲ್ಲಿ ಅದು ಸೇರಿತು. ಪಟ್ಟಿ ಬೆಳೆಯಿತೇ ಹೊರತು ಮಕ್ಕಳು ಬದಲಾಗಲಿಲ್ಲ. ಸರ್ಕಾರದ ಪಟ್ಟಿಯಲ್ಲಿರುವ ಹೆಸರೆಂದರೆ ಸೌಲಭ್ಯಕ್ಕೆ ದಾರಿ, ಮನುಷ್ಯನ ವರ್ಣನೆಯಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯವನ್ನೋ, ಬರೆದುಕೊಡುವವರ ನೆರವನ್ನೋ ಕೇಳಬೇಕಾದರೆ ಆ ಕಾಗದ ಕೈಯಲ್ಲಿರಬೇಕು. ಮಾಡಿಸಿ.

ಹಾಗೆಂದು ನಿಮ್ಮ ಯಜಮಾನರ ಅಂಜಿಕೆಯನ್ನು ನಾನು ತಳ್ಳಿಹಾಕಲಾರೆ. ದೊಡ್ಡ ಹೆಸರೊಂದು ಮನೆಗೆ ಬಂದರೆ, ಹುಡುಗ ತಟ್ಟೆ ತೊಳೆಯದಿದ್ದರೂ, ತಂಗಿಯ ಮೇಲೆ ರೇಗಿದರೂ ಎಲ್ಲವನ್ನೂ ಅದರ ಲೆಕ್ಕಕ್ಕೇ ಬರೆಯುತ್ತೇವೆ. ನಾಳೆ ಅವನೇ ಅದನ್ನು ಮುಂದೊಡ್ಡಿ ಓದುವುದನ್ನು ಬಿಟ್ಟರೂ ಆಶ್ಚರ್ಯವಿಲ್ಲ. ಹಾಗಾಗಿ ಪ್ರಮಾಣಪತ್ರ ಬೀರುವಿನಲ್ಲಿರಲಿ, ಮುಖ್ಯೋಪಾಧ್ಯಾಯರ ಮೇಜಿಗೆ ಹೋಗಲಿ, ಮದುವೆಮನೆಯ ಪಂಕ್ತಿಗೆ ಬರುವುದು ಬೇಡ. ಒತ್ತಕ್ಷರಗಳನ್ನು ಬಿಡಿಸಿ ಕಲಿಸುವ ವಿಶೇಷ ಪಾಠವೂ ನಿಲ್ಲಬಾರದು. ಯಜಮಾನರಿಗೆ ಇನ್ನೂ ಅನುಮಾನವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ನಿಮ್ಹಾನ್ಸಿನಲ್ಲೋ ಮತ್ತೊಮ್ಮೆ ತೋರಿಸಿ.

ಇದೆಲ್ಲಕ್ಕೂ ಮೊದಲು ಹುಡುಗನಿಗೆ ವಿಷಯ ತಿಳಿಯಬೇಕು. ನಿಮ್ಮ ಪತ್ರದಲ್ಲಿ ಅವನನ್ನು ಯಾರೂ ಕೇಳಿದಂತೆ ಕಾಣಲಿಲ್ಲ. ಮುಂದಿನ ಸಲ ಅವನು ಸ್ಟಾರ್ಟರ್ ಬಿಚ್ಚಿ ಕುಳಿತಾಗ ಅವನಪ್ಪನೂ ಪಕ್ಕದಲ್ಲಿ ಕುಳಿತು, ಸ್ಕ್ರೂ ಎತ್ತಿಕೊಡುತ್ತಾ ಮಾತು ತೆಗೆಯಲಿ. ಅಜ್ಜಿಯ ಬಳಿ ನೀವು ಮಾತಾಡಿ.